ಬೆಂಕಿಯವನೂ ಹಾರಿದ ಹಂದಿಯೂ

ಪಿಂಕ್ ಫ್ಲಾಯ್ಡ್ ಎಂಬ ರಾಕ್ ತಂಡದ ಸಂಗೀತವನ್ನು ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಜನ್ಮಾಂತರದ ದುಃಖವನ್ನೆಲ್ಲ ನೆನೆದುಕೊಂಡು ಕೇಳಬೇಕೆಂದು ಅದರ ಭಕ್ತರ ಅಪ್ಪಣೆ. ನಾನೂ ಭಕ್ತನೇ, ಆದರೆ ನಗು ತಡೆಯಲಾಗದ ಭಕ್ತ. ನನ್ನ ಪ್ರೀತಿಯ ಆಲ್ಬಮ್‌ಗಳು ಎರಡು: 1975ರ ‘ವಿಶ್ ಯು ವರ್ ಹಿಯರ್’, 1977ರ ‘ಅನಿಮಲ್ಸ್’. ಎರಡಕ್ಕೂ ಕಿವಿಗಿಂತ ಮೊದಲು ಕಣ್ಣು ಸೋತಿತ್ತು.

ಮೊದಲನೆಯದರ ಹೊದಿಕೆಯಲ್ಲಿ ಸೂಟು ತೊಟ್ಟ ಇಬ್ಬರು ಕೈಕುಲುಕುತ್ತಿದ್ದಾರೆ. ಒಬ್ಬನ ಮೈಗೆ ಬೆಂಕಿ ಹತ್ತಿದೆ. ಟ್ರಿಕ್ ಫೋಟೋ ಅಲ್ಲ, ನಿಜವಾದ ಬೆಂಕಿ. ಹಿಪ್ನೋಸಿಸ್ ಎಂಬ ವಿನ್ಯಾಸಕಾರರ ತಂಡ ಹಾಲಿವುಡ್ಡಿನ ಸ್ಟಂಟ್‌ಮನ್ ರೋನಿ ರಾಂಡೆಲ್‌ಗೆ ಬೆಂಕಿ ಹಚ್ಚಿ ನಿಲ್ಲಿಸಿತ್ತು. ಗಾಳಿ ತಿರುಗಿ ಜ್ವಾಲೆ ಮುಖಕ್ಕೆ ಬಡಿದು ಪಾಪ, ಅವನ ಮೀಸೆ ಸುಟ್ಟಿತು. ಕಲೆಗಾಗಿ ಮನೆಮಠ ಕಳೆದುಕೊಂಡವರ ಕಥೆ ಎಷ್ಟೋ ಕೇಳಿದ್ದೇನೆ. ಮೀಸೆ ಕಳೆದುಕೊಂಡವನದು ಇದೊಂದೇ. ಇಷ್ಟೆಲ್ಲ ಆದ ಮೇಲೆ ಆ ಚಿತ್ರ ಯಾರಿಗೂ ಕಾಣದಂತೆ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಡಿಗೆ ಕಳಿಸಿದರು! ಆಲ್ಬಮ್ಮಿನ ವಸ್ತುವೇ ‘ಇಲ್ಲದಿರುವುದು’, ಆದ್ದರಿಂದ ಹೊದಿಕೆಯೂ ಇಲ್ಲದಂತಿರಲಿ ಎಂಬ ತರ್ಕ.

ಇದರ ಮೊದಲ ಹಾಡಿನಲ್ಲಿ ಮನುಷ್ಯರ ದನಿ ಕೇಳುವುದು ಎಂಟು ನಿಮಿಷ ದಾಟಿದ ಮೇಲೆ. ಧಾರವಾಡದಲ್ಲಿ ಅಹೋರಾತ್ರಿ ಕಛೇರಿಗಳನ್ನು ಕೇಳಿ ಬೆಳೆದ ನಮ್ಮ ಅತ್ತೆಯವರು ಐದು ನಿಮಿಷ ಸಹಿಸಿ, “ಇನ್ನೂ ಶ್ರುತಿ ಕೂಡಸೂದ ಮುಗಿದಿಲ್ಲೇನ್ರಿ ಇವರದು?” ಎಂದರು. ಆರಂಭದಲ್ಲಿ ಮಂಜಿನಂತೆ ಹಬ್ಬುವ ದನಿಯಲ್ಲಿ ವೈನ್ ಗ್ಲಾಸುಗಳ ಅಂಚಿಗೆ ಒದ್ದೆ ಬೆರಳು ಉಜ್ಜಿದ ನಾದವೂ ಸೇರಿದೆ ಎಂದು ವಿವರಿಸಿದೆ. ರಬ್ಬರ್ ಬ್ಯಾಂಡು, ಗ್ಲಾಸು ಮುಂತಾದ ಮನೆಸಾಮಾನಿನಿಂದಲೇ ಒಂದು ಇಡೀ ಆಲ್ಬಮ್ ಮಾಡಲು ಹೊರಟು ಕೈಬಿಟ್ಟಿದ್ದರು. ಅದರಲ್ಲಿ ಉಳಿದ ಸರಕಿದು. “ಒಟ್ಟ ಜಲತರಂಗ ಅನ್ರಿ” ಎಂದು ಅವರು ಕೇಸು ಮುಗಿಸಿದರು.

ಆ ಹಾಡು ತಂಡದ ಹಳೆಯ ಗೆಳೆಯ ಸಿಡ್ ಬ್ಯಾರೆಟ್‌ನನ್ನು ಕುರಿತದ್ದು. ಮನಸ್ಸು ಕದಡಿ ಅವನು 1968ರಲ್ಲೇ ತಂಡದಿಂದ ದೂರವಾಗಿದ್ದ. 1975ರ ಜೂನ್‌ನಲ್ಲಿ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಕೆಲಸ ನಡೆದಿರುವಾಗ, ತಲೆಯನ್ನೂ ಹುಬ್ಬನ್ನೂ ಬೋಳಿಸಿಕೊಂಡ ದಪ್ಪನೆಯ ಮನುಷ್ಯನೊಬ್ಬ ಒಳಗೆ ಬಂದ. ಅವನೇ ಸಿಡ್ ಎಂದು ಗೆಳೆಯರಿಗೆ ಮೊದಲು ಗುರುತೇ ಹತ್ತಲಿಲ್ಲ. ಇಲ್ಲಿ ಮಾತ್ರ ನನಗೂ ನಗು ಬರುವುದಿಲ್ಲ.

‘ಅನಿಮಲ್ಸ್’ಗೆ ಬಂದರೆ ಮತ್ತೆ ಗಂಭೀರವಾಗಿರುವುದು ಕಷ್ಟ. ಲಂಡನ್ನಿನ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದ ಚಿಮಣಿಗಳ ನಡುವೆ ಸುಮಾರು 12 ಮೀಟರ್ ಉದ್ದದ ಹಂದಿ ಬಲೂನು ತೇಲಿಬಿಟ್ಟು ಫೋಟೋ ತೆಗೆಯುವುದೆಂದಾಯಿತು. ಹಗ್ಗ ಕಿತ್ತರೆ ಹೊಡೆದುರುಳಿಸಲು ಮೊದಲ ದಿನ ಒಬ್ಬ ಬಂದೂಕುಧಾರಿಯನ್ನೂ ನಿಲ್ಲಿಸಿದ್ದರು. ಅಂದು ಏನೂ ಆಗಲಿಲ್ಲ. ಮರುದಿನ, 1976ರ ಡಿಸೆಂಬರ್ 3ರಂದು, ಬಂದೂಕಿನವನಿಗೆ ಬುಲಾವ್ ಹೋಗಿರಲಿಲ್ಲ. ಹಂದಿ ಅಂದೇ ಕಿತ್ತುಕೊಂಡು ಹೊರಟಿತು! ಹೀಥ್ರೋ ವಿಮಾನಗಳಿಗೆ ತಾಪತ್ರಯ ಕೊಟ್ಟು, ಕೆಂಟ್ ಪ್ರಾಂತದ ಒಂದು ಹೊಲದಲ್ಲಿ ಇಳಿಯಿತು. ಹೊಲದವನಿಗೆ ರಾಕ್ ಸಂಗೀತದ ಪರಿವೆಯಿಲ್ಲ. ತನ್ನ ಹಸುಗಳು ಬೆದರಿದವೆಂದು ಸಿಟ್ಟು. ಕೊನೆಗೆ ಹೊದಿಕೆಯಲ್ಲಿ ಅಚ್ಚಾದದ್ದು ಬೇರೆ ದಿನದ ಆಕಾಶಕ್ಕೆ ಅಂಟಿಸಿದ ಹಂದಿ. ಬೆಂಕಿ ನಿಜ, ಹಂದಿ ಅಂಟಿಸಿದ್ದು. ನನ್ನನ್ನು ಕೇಳಿದ್ದರೆ ಅದಲುಬದಲು ಮಾಡಿಸುತ್ತಿದ್ದೆ, ಒಂದು ಮೀಸೆಯಾದರೂ ಉಳಿಯುತ್ತಿತ್ತು.

ಸಂಗೀತದ ಮಾತು ಬಂದರೆ, ಕೊರಳುಬ್ಬಿಸುವ ಮೊದಲನೆಯದಕ್ಕಿಂತ ಹಲ್ಲು ಕಡಿಯುವ ಎರಡನೆಯದೇ ನನಗೆ ಒಂದು ತೂಕ ಹೆಚ್ಚು. ಹದಿನೇಳು ನಿಮಿಷದ ‘ಡಾಗ್ಸ್’ನಲ್ಲಿ ತಂಡದ ಗಿಟಾರ್ ವಾದಕ ಗಿಲ್ಮೋರ್‌ನ ಗಿಟಾರು ಅಕ್ಷರಶಃ ಕಚ್ಚುತ್ತದೆ. ಇಲ್ಲಿ ನಾಯಿಗಳೆಂದರೆ ಗಂಟಲು ಹಿಸುಕಿ ಮೇಲೇರುವವರು, ಹಂದಿಗಳು ಮೇಲೆ ಕೂತು ಉಪದೇಶಿಸುವವರು, ಉಳಿದವರು ಕುರಿಗಳು. ನಮ್ಮ ಆಫೀಸಿನಲ್ಲಿ ಯಾರು ಯಾವುದೆಂದು ಹೇಳಿದರೆ ಇನ್‌ಕ್ರಿಮೆಂಟಿಗೆ ಕುತ್ತು. ನನ್ನ ಜಾತಿ ಹೇಳಬಲ್ಲೆ: ಕುರಿ. ತಂಡದ ರೋಜರ್ ವಾಟರ್ಸ್ ಬರೆದ ಹಾಡಿನಲ್ಲಿ ಕುರಿಗಳು ಕರಾಟೆ ಕಲಿತು ತಿರುಗಿ ಬೀಳುತ್ತವೆ. ಅದು ಬಂದಾಗ ವಾಲ್ಯೂಮ್ ಏರಿಸುತ್ತೇನೆ. ಪಕ್ಕದ ರಸ್ತೆಯ ಕರಾಟೆ ಕ್ಲಾಸಿನಲ್ಲಿ ವಿಚಾರಿಸಿಯೂ ಬಂದೆ. ಮಂಡಿನೋವಿನವರಿಗೆ ಪ್ರತ್ಯೇಕ ಬ್ಯಾಚ್ ಇಲ್ಲವಂತೆ.