ಇಪ್ಪತ್ತಾರನೇ ಕೆಜಿ

ಸುತ್ತಲಿನ ಹಳ್ಳಿಗಳಿಂದ ಬೆಳಗಿನ ಜಾವ ಮೈಸೂರಿಗೆ ಹಾಲು ತರುತ್ತಿದ್ದವರ ಸೈಕಲ್ಲುಗಳನ್ನು ನೋಡಿದವರಿಗೆ ಪ್ಯಾನಿಯರ್ ಎಂಬ ಸಾಮಾನನ್ನು ವಿವರಿಸಬೇಕಾಗಿಲ್ಲ. ಕ್ಯಾರಿಯರಿನ ಎರಡು ಮಗ್ಗುಲಿಗೂ ಕಬ್ಬಿಣದ ಕೊಕ್ಕೆ, ಕೊಕ್ಕೆಗೊಂದು ಕ್ಯಾನು. ಕ್ಯಾನಿನ ಜಾಗದಲ್ಲಿ ಚೀಲ ತೂಗುಹಾಕಿದರೆ ಅದೇ ಪ್ಯಾನಿಯರ್. ಗ್ಯಾಸ್ ಸಿಲಿಂಡರ್ ಹಂಚುತ್ತಿದ್ದವರದೂ ಇದೇ ವಿದ್ಯೆ. ಒಳಗಿನ ಗ್ಯಾಸ್ 14.2 ಕೆಜಿ, ಹೊರಗಿನ ಉಕ್ಕು ಹೆಚ್ಚುಕಮ್ಮಿ ಅಷ್ಟೇ. ಎಡಕ್ಕೊಂದು ಬಲಕ್ಕೊಂದು ನೇತುಹಾಕಿಕೊಂಡು, ಏರು ಬಂದರೆ ಇಳಿದು ತಳ್ಳಿ, ಇಳಿಜಾರು ಬಂದರೆ ದೇವರ ಮೇಲೆ ಭಾರ ಹಾಕಿ ಹೋಗುತ್ತಿದ್ದರು. ಆ ಕೊಕ್ಕೆ ಎಷ್ಟು ತೂಕ ತಾಳುತ್ತದೆಂದು ಯಾವ ಚೀಟಿಯಲ್ಲೂ ಬರೆದಿರಲಿಲ್ಲ.

ಈ ಪ್ರಬಂಧದ ಲೇಖಕ ಮಹಾಶಯರ ಹೊರೆ ಅಷ್ಟು ಘನವಾದದ್ದಲ್ಲ. ದೇವರಾಜ ಮಾರುಕಟ್ಟೆಯಿಂದ ತರಕಾರಿ, ತೆಂಗಿನಕಾಯಿ, ಒಂದು ಕಟ್ಟು ವೀಳ್ಯದೆಲೆ. ಬರುವ ದಾರಿಯಲ್ಲಿ ಔಷಧಿ, ಇಸ್ತ್ರಿ ಬಟ್ಟೆ, ಹಾಲು. ಇಷ್ಟಕ್ಕೆ ಮನೆಯಲ್ಲಿ ವೈರ್ ಬುಟ್ಟಿ ಇತ್ತು, ಸೈಕಲ್ಲಿಗೆ ಹ್ಯಾಂಡಲ್ಲೂ ಇತ್ತು. ಆದರೆ ಹ್ಯಾಂಡಲಿಗೆ ಬುಟ್ಟಿ ಸಿಕ್ಕಿಸಿದರೆ ತಿರುವಿನಲ್ಲಿ ಸೈಕಲ್ಲು ಮನೆಯ ಕಡೆಗೆ ಎಳೆಯುತ್ತದೆ, ಬದನೆಕಾಯಿ ಮಾರುಕಟ್ಟೆಯ ಕಡೆಗೆ ಎಳೆಯುತ್ತದೆ. ಭಾರ ಕೆಳಗಿರಬೇಕು, ಹಿಂದಿನ ಚಕ್ರದ ಇಕ್ಕೆಲಕ್ಕೂ ಸಮನಾಗಿ ಹಂಚಿರಬೇಕು ಎಂಬ ಸತ್ಯ ಹೊಳೆದದ್ದೇ ತಡ, ಮಹಾಶಯರು ಚೀಲ ಕೊಳ್ಳಲು ಹೊರಡಲಿಲ್ಲ. ಚೀಲದ ಬಗ್ಗೆ ಓದಲು ಕುಳಿತರು.

“ಬದನೆಕಾಯಿ ತರೋದಕ್ಕೆ ಇಷ್ಟು ಓದ್ಬೇಕೇನ್ರೀ? ನಮ್ಮಪ್ಪ ಟವೆಲ್ಲಲ್ಲಿ ಕಟ್ಕೊಂಡು ಬರ್ತಿದ್ರು” ಎಂದರು ಮನೆಯಾಕೆ. ಟವೆಲ್ಲಿನ ಡೆನಿಯರ್ ಎಷ್ಟಿತ್ತು ಎಂದು ಮಹಾಶಯರು ಕೇಳಿದರು. ಮಾತು ಅಲ್ಲಿಗೆ ನಿಂತಿತು.

ಓದಿದಷ್ಟೂ ಜರ್ಮನಿಯೇ ಎದುರಾಯಿತು. ಹಾರ್ಟ್‌ಮುಟ್ ಓರ್ಟ್‌ಲೀಬ್ ಎಂಬ ಯುವಕ ಇಂಗ್ಲೆಂಡಿನಲ್ಲಿ ಸೈಕಲ್ ಪ್ರವಾಸ ಹೋಗಿದ್ದಾಗ ಮಳೆಗೆ ಸಿಕ್ಕಿ ಸಾಮಾನೆಲ್ಲ ತೊಯ್ದುಹೋಯಿತಂತೆ. ಪಕ್ಕದಲ್ಲಿ ಸಾಗುತ್ತಿದ್ದ ಲಾರಿಗಳ ಸರಕು ಮಾತ್ರ ಟಾರ್ಪಾಲಿನ ಕೆಳಗೆ ಬೆಚ್ಚಗಿತ್ತು. ಊರಿಗೆ ಮರಳಿದವರೇ ಲಾರಿಯ ಟಾರ್ಪಾಲಿನಿಂದ ಚೀಲ ಮಾಡಿದರು. 1982ರಲ್ಲಿ ಕಂಪನಿಯೂ ಆಯಿತು. ನ್ಯೂರೆಂಬರ್ಗ್ ಹತ್ತಿರದ ಹೈಲ್ಸ್‌ಬ್ರಾನ್ ಎಂಬ ಸಣ್ಣ ಊರಿನಿಂದ ಆ ಚೀಲಗಳು ಈಗ ಲೋಕವೆಲ್ಲ ಸುತ್ತುತ್ತವೆ. ಹೊಲಿಗೆ ಅಂದರೆ ಸೂಜಿಯ ತೂತು, ತೂತು ಅಂದರೆ ನೀರು; ಆದ್ದರಿಂದ ಅಂಚುಗಳನ್ನು ಹೊಲಿಯುವ ಬದಲು ಬೆಸೆಯುತ್ತಾರೆ. ಬಾಯಿಗೆ ಝಿಪ್ಪಿಲ್ಲ, ಮೂರು ನಾಲ್ಕು ಮಡಿಕೆ ಸುತ್ತಿ ಬಕಲ್ ಹಾಕುವುದು. ಹಿಂಬದಿಯ ಜೋಡಿಗೆ 40 ಲೀಟರ್ ಜಾಗ. ಬೆಲೆ ಕೇಳಿದರೆ, ಅದೇ ದುಡ್ಡಿಗೆ ನಮ್ಮಲ್ಲಿ ಹೊಸ ಕರಿ ಸೈಕಲ್ಲೇ ಬಂದು ಚೀಲಕ್ಕೂ ಚಿಲ್ಲರೆ ಉಳಿಯುತ್ತದೆ.

ನೆದರ್ಲೆಂಡ್ಸಿನವರ ದಾರಿ ಬೇರೆ. ಜನಸಂಖ್ಯೆಗಿಂತ ಸೈಕಲ್ ಸಂಖ್ಯೆ ಹೆಚ್ಚಿರುವ ಆ ದೇಶದಲ್ಲಿ ಚೀಲವನ್ನು ಬಿಚ್ಚುವ ಪಂಚಾಯ್ತಿಯೇ ಇಲ್ಲ. ಎರಡು ಚೀಲ ಜೋಡಿಸಿದ ಒಂದೇ ತುಂಡು, ಅದನ್ನು ಕ್ಯಾರಿಯರಿನ ಮೇಲೆ ಅಡ್ಡ ಹಾಕಿ ಪಟ್ಟಿ ಬಿಗಿದರೆ ಆ ಸೈಕಲ್ಲಿನ ಆಯುಸ್ಸು ಮುಗಿಯುವವರೆಗೂ ಅಲ್ಲೇ. 1937ರಲ್ಲಿ ಶುರುವಾದ ಬಾಸಿಲ್ ಎಂಬ ಅಲ್ಲಿನ ಕಂಪನಿ ಇಂದಿಗೂ ಬುಟ್ಟಿ, ಚೀಲಗಳನ್ನೇ ಮಾಡುತ್ತಿದೆ. ಅಂಗಡಿಯಿಂದ ಹೊರಬಂದು ಆಲೂಗೆಡ್ಡೆ ಸುರಿದುಕೊಂಡರು, ಹೊರಟರು. ನಮ್ಮ ಊರಿನಲ್ಲಿ ಸೈಕಲ್ಲಿನ ಮೇಲೆ ಬಿಟ್ಟು ಬಂದ ಚೀಲ ಸೈಕಲ್ಲಿನ ಆಯುಸ್ಸಿನವರೆಗೆ ಇರುತ್ತದೆಂದು ನಂಬುವಷ್ಟು ಮಹಾಶಯರು ಮುಗ್ಧರಲ್ಲ.

ಇನ್ನು ಡೆನಿಯರ್. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಒಂಬತ್ತು ಕಿಲೋಮೀಟರ್ ನೂಲು ಒಂದು ಕೆಜಿ ತೂಗಿದರೆ ಅದು 1,000 ಡೆನಿಯರ್: ಗಟ್ಟಿ ಬಟ್ಟೆ. 600 ಆದರೆ ಶಾಲೆ ಮಕ್ಕಳ ಬ್ಯಾಗಿನ ಬಟ್ಟೆ. ಇದನ್ನು ತಿಳಿದ ಮೇಲೆ ಮಹಾಶಯರು ಕಂಡವರ ಮನೆಯ ಸೋಫಾ ಕವರನ್ನೂ ಬೆರಳಲ್ಲಿ ತಿಕ್ಕಿ ನೋಡತೊಡಗಿದರು.

ಕೊನೆಗೂ ಜೋಡಿ ಚೀಲ ಮನೆಗೆ ಬಂತು. ಟಾರ್ಪಾಲಿನ ಜಾತಿಯದೇ, ಸುರುಳಿ ಬಾಯಿಯದೇ, ಹೆಸರು ಮಾತ್ರ ಬೇರೆ. ಮೊದಲ ಪಾಠ ಹೇಳಿದ್ದು ಕೊತ್ತಂಬರಿ ಸೊಪ್ಪು. ನೀರು ಬಿಡದ ಚೀಲ ಗಾಳಿಯನ್ನೂ ಬಿಡದು. ಏಪ್ರಿಲ್ ಬಿಸಿಲಿನಲ್ಲಿ ಬಾಯಿ ಬಿಗಿದರೆ ಒಳಗೆ ಇಡ್ಲಿ ಪಾತ್ರೆಯ ಹವೆ. ಎರಡನೆಯ ಪಾಠ ನುಗ್ಗೆಕಾಯಿಯದು. ಮೂರು ಮಡಿಕೆ ಸುತ್ತಿದರಷ್ಟೇ ಜಲನಿರೋಧಕ ಎಂದು ಕಂಪನಿ ಹೇಳುತ್ತದೆ, ಮಡಚಿಕೊಳ್ಳುವುದು ತನ್ನ ಸ್ವಭಾವವಲ್ಲ ಎಂದು ನುಗ್ಗೆಕಾಯಿ ಹೇಳುತ್ತದೆ. ಮೂರನೆಯದು ಹಾಲು. ತೆಂಗಿನಕಾಯಿಯ ನೆರೆಯಲ್ಲಿ ಕೂತಿದ್ದ ಪ್ಯಾಕೆಟ್ ಒಂದು ಹಂಪಿನಲ್ಲಿ ಒಡೆಯಿತು. ಹೊರಗಿನ ಒಂದು ತೊಟ್ಟು ನೀರನ್ನೂ ಒಳಗೆ ಬಿಡದ ಚೀಲ ಒಳಗಿನ ಒಂದು ತೊಟ್ಟು ಹಾಲನ್ನೂ ಹೊರಗೆ ಬಿಡಲಿಲ್ಲ. ಮನೆ ತಲುಪಿದಾಗ ಬೀನ್ಸು, ಬಿಪಿ ಮಾತ್ರೆ, ವೀಳ್ಯದೆಲೆ ಎಲ್ಲವೂ ಅರ್ಧ ಲೀಟರಿನಲ್ಲಿ ತೇಲುತ್ತಿದ್ದವು. ಚೀಲದ ಗುಣಮಟ್ಟಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕೆ ಎಂದು ಮಹಾಶಯರು ಹಿಗ್ಗಿದರು. ಬೀನ್ಸ್ ಸೋಸಿದ್ದು ಮನೆಯಾಕೆ.

ಇದೆಲ್ಲ ಸಣ್ಣಪುಟ್ಟದ್ದು. ದೊಡ್ಡದು ಅಕ್ಕಿ.

2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ, 25 ಕೆಜಿವರೆಗಿನ ಅಕ್ಕಿಗೆ ಶೇ 5ರ ಜಿಎಸ್‌ಟಿ ಬಂತು. ಇಪ್ಪತ್ತೈದು ದಾಟಿದ ಮೂಟೆಗೆ ಇಲ್ಲ. ಮಿಲ್ಲಿನವರು ದಡ್ಡರೇ? ಒಂದು ಕೆಜಿ ಹೆಚ್ಚಿಗೆ ತುಂಬಿದರು. 26 ಕೆಜಿ ಮೂಟೆ ಹುಟ್ಟಿತು. ಅತ್ತ ಮಹಾಶಯರ ಅಲ್ಯೂಮಿನಿಯಂ ಕ್ಯಾರಿಯರಿನ ಮೇಲೆ ಅಚ್ಚೊತ್ತಿದ್ದದ್ದು: ಗರಿಷ್ಠ 25 ಕೆಜಿ. ಕೇಂದ್ರ ಸರ್ಕಾರವೂ ಕ್ಯಾರಿಯರ್ ಕಂಪನಿಯೂ ಒಂದೇ ಅಂಕಿಯ ಮೇಲೆ ಗೆರೆ ಎಳೆದಿದ್ದವು. ಆ ಗೆರೆಯ ಆಚೆ ಒಂದೇ ಒಂದು ಕೆಜಿ ಅಕ್ಕಿ ಕಾಲು ಚಾಚಿಕೊಂಡು ಕೂತಿತ್ತು.

“ಹಾಕಿ ಸಾರ್, ಒಂದು ಕೆಜೀಲಿ ಏನಾಗತ್ತೆ” ಎಂದರು ಅಂಗಡಿಯವರು.

ಏನಾಗುತ್ತದೆಂದು ಮಹಾಶಯರು ಹೇಳಿದರು. ಲೋಹದ ದಣಿವು, ಬೆಸುಗೆಯ ಬಿರುಕು, ಹಿಂದಿನ ಚಕ್ರದ ಕಡ್ಡಿಗಳ ಎಳೆತ. ಹಂಪಿನ ಮೇಲೆ ಎಗರಿ ಬಿದ್ದಾಗ ಇಪ್ಪತ್ತಾರು ಇಪ್ಪತ್ತಾರಾಗಿ ಉಳಿಯುವುದಿಲ್ಲ, ಕ್ಷಣಮಾತ್ರಕ್ಕೆ ಅದರ ಎರಡು ಮೂರು ಪಟ್ಟಾಗಿ ಬಡಿಯುತ್ತದೆ ಎಂಬುದನ್ನು ಅಂಗೈ ಮೇಲೆ ಮುಷ್ಟಿ ಕುಟ್ಟಿ ತೋರಿಸಿದರು. ಹಿಂದೆ ನಿಂತಿದ್ದ ಗಿರಾಕಿಗಳೂ ನೋಡಿದರು.

ಆಮೇಲೆ ಮೂಟೆ ಬಿಚ್ಚಿ ಹಂಚುವ ತೀರ್ಮಾನವಾಯಿತು. ಅಂಗಡಿಯವರು ರಟ್ಟಿನ ಚೂರೊಂದನ್ನೂ ಕಿವಿಯಲ್ಲಿದ್ದ ಪೆನ್ನನ್ನೂ ಕೊಟ್ಟರು. ಚೀಲದ ಒಳಪಟ್ಟಿಯಲ್ಲಿ ಬರೆದಿದ್ದಂತೆ ಒಂದು ಚೀಲಕ್ಕೆ 9 ಕೆಜಿ; ಎರಡಕ್ಕೆ ಹದಿನೆಂಟು. ಚೀಲಗಳ ಸ್ವಂತ ತೂಕವೇ ಹತ್ತಿರ ಹತ್ತಿರ ಎರಡು ಕೆಜಿ. ಅದೂ ಕ್ಯಾರಿಯರಿನ ಲೆಕ್ಕಕ್ಕೇ ಸೇರಬೇಕು, ಬಿಡುವಂತಿಲ್ಲ. ಹದಿನೆಂಟೂ ಎರಡೂ ಇಪ್ಪತ್ತು. ಕ್ಯಾರಿಯರಿನ ತಲೆಯ ಮೇಲೆ ಇನ್ನು ಐದು. ಇಪ್ಪತ್ತೈದು ಭರ್ತಿ. ಅಕ್ಕಿ ಹೋದದ್ದು ಇಪ್ಪತ್ತಮೂರು. ಒಂದು ಕೆಜಿಯ ಸಮಸ್ಯೆ ಬಗೆಹರಿಸಲು ಹೊರಟು ಮೂರು ಕೆಜಿಯ ಸಮಸ್ಯೆ ತಯಾರಾಯಿತು. ಆ ಮೂರನ್ನು ಹ್ಯಾಂಡಲಿಗೆ ಹಾಕೋಣವೆಂದರೆ, ಹ್ಯಾಂಡಲಿನಿಂದ ಭಾರವನ್ನು ಬಿಡಿಸುವುದಕ್ಕೇ ಅಲ್ಲವೇ ಇಷ್ಟೆಲ್ಲ ಓದಿದ್ದು? ಬೆನ್ನಿಗೆ ಹಾಕೋಣವೆಂದರೆ ಸೊಂಟ ನೋವು. ಎರಡು ಸಲ ಬರೋಣವೆಂದರೆ ಬಿಚ್ಚಿದ ಮೂಟೆಯನ್ನು ಅಂಗಡಿಯಲ್ಲಿ ಬಿಟ್ಟು ಹೋಗಬೇಕು. ರಟ್ಟಿನ ಹಿಂಬದಿಯೂ ಅಂಕಿಗಳಿಂದ ತುಂಬಿತು.

ಅಂಗಡಿಯವರು ತಕ್ಕಡಿಗೆ ಕೈಯೂರಿ, ನಿಜವಾದ ಕಾಳಜಿಯಿಂದ ಕೇಳಿದರು: “ಸಾರ್, ತಪ್ಪು ತಿಳೀಬೇಡಿ. ತಾವು ಎಷ್ಟು ಕೆಜಿ ಇದ್ದೀರಿ?”

ಪೇಟೆಯ ಗದ್ದಲದಲ್ಲಿ ಆ ಪ್ರಶ್ನೆ ಕೇಳಿಸಲಿಲ್ಲವೆಂದು ಮಹಾಶಯರು ಇಂದಿಗೂ ವಾದಿಸುತ್ತಾರೆ.

ಅಷ್ಟರಲ್ಲಿ ಪಂಚೆಯುಟ್ಟ ಹಿರಿಯರೊಬ್ಬರು ಅದೇ ಗುರುತಿನ ಮೂಟೆಗೆ ದುಡ್ಡು ಕೊಟ್ಟು, ತಮ್ಮ ಹಳೆಯ ಅಟ್ಲಾಸಿನ ಕ್ಯಾರಿಯರಿನ ಮೇಲೆ ಅಡ್ಡ ಮಲಗಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಎರಡು ಸುತ್ತು ಬಿಗಿದು, ಒಂದು ಕಾಲು ಪೆಡಲಿನ ಮೇಲಿಟ್ಟು ಓಡಿ ಹತ್ತಿ ಹೊರಟೇಹೋದರು. ಮಹಾಶಯರ ಲೋಹವಿಜ್ಞಾನ ಕೇಳಿದವರಲ್ಲಿ ಅವರೂ ಇದ್ದರು.

“ಬಿಡಿ ಅಕ್ಕಿ ತಗೊಂಡ್ರೆ ಟ್ಯಾಕ್ಸೂ ಇಲ್ಲ, ತಲೆನೋವೂ ಇಲ್ಲ ಸಾರ್. ಎಷ್ಟು ಬೇಕೋ ಅಷ್ಟು ತೂಗ್ತೀನಿ” ಎಂದರು ಅಂಗಡಿಯವರು. ಈ ಮಾತನ್ನು ಮೊದಲೇ ಹೇಳಬಾರದಿತ್ತೇ? ಹೇಳಿದ್ದರಂತೆ, ಲೋಹದ ದಣಿವಿನ ಹೊತ್ತಿನಲ್ಲಿ.

ಅಟ್ಲಾಸ್ ಎಂದ ಮೇಲೆ ಒಂದು ಮಾತು. ಆ ಕಂಪನಿ ಸಾಹಿಬಾಬಾದಿನ ತನ್ನ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅದು ವಿಶ್ವ ಸೈಕಲ್ ದಿನ. ಆ ಕರಿ ಸೈಕಲ್ಲುಗಳ ಚೌಕಟ್ಟು ಉದ್ದ, ಹಿಂದಿನ ಚಕ್ರ ಪೆಡಲಿನಿಂದ ದೂರ, ಸ್ಟ್ಯಾಂಡು ಎರಡು ಕಾಲಿನದು. ಚೀಲ ಎಷ್ಟು ದಪ್ಪವಿದ್ದರೂ ಹಿಮ್ಮಡಿಗೆ ತಾಗುವುದಿಲ್ಲ. ಭಾರ ಹೇರುವಾಗ ಸೈಕಲ್ ನೆಟ್ಟಗೆ ನಿಂತಿರುತ್ತದೆ. ಈಗಿನ ಗೇರ್ ಸೈಕಲ್ಲುಗಳು ಮೋಟು. ಚೀಲವನ್ನು ಹಿಂದಕ್ಕೆ ಸರಿಸದಿದ್ದರೆ ತುಳಿದ ಪ್ರತಿ ಸುತ್ತಿಗೂ ಹಿಮ್ಮಡಿ ಟೊಮೆಟೊಗೆ ಒದೆಯುತ್ತದೆ. ಒಂಟಿ ಕಾಲಿನ ಸ್ಟ್ಯಾಂಡು ಒಂದು ಪಕ್ಕ ತುಂಬುವಷ್ಟರಲ್ಲೇ ಮಗುಚುತ್ತದೆ.

ಸೂಪರ್ ಮಾರ್ಕೆಟ್ಟುಗಳ ಬಾಗಿಲಲ್ಲಿ ಇನ್ನೊಂದು ಬಗೆಯ ಪರೀಕ್ಷೆ. ಕರ್ನಾಟಕದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ನಿಷೇಧವಾಗಿದೆ, ಮನೆಯಿಂದ ಚೀಲ ತನ್ನಿ ಎಂದು ಗೋಡೆಯ ಮೇಲೆ ಬರೆದಿರುತ್ತಾರೆ. ತಂದರೆ ಒಳಗೆ ಬಿಡುವುದಿಲ್ಲ. ಸೆಕ್ಯುರಿಟಿಯವರು ಚೀಲದ ಬೆನ್ನಿನ ಕೊಕ್ಕೆಗಳನ್ನು ಎಳೆದು ನೋಡಿ, ಇದೇನೆಂದು ಕೇಳಿ, ಬಾಯಿಗೆ ಪ್ಲಾಸ್ಟಿಕ್ ಟ್ಯಾಗ್ ಬಿಗಿದು ಟೋಕನ್ ಕೊಡುತ್ತಾರೆ. ಕಾರಿಗೆ ನೆಲಮಾಳಿಗೆಯಲ್ಲಿ ಗೆರೆ ಎಳೆದ ಜಾಗ, ಸೈಕಲ್ಲಿಗೆ “ಆ ಕಡೆ ಎಲ್ಲಾದ್ರೂ ಹಾಕಿ.” ಆ ಕಡೆ ಎಂದರೆ ಜನರೇಟರ್ ಪಕ್ಕ. ಬಂದ ಗಿರಾಕಿ ಎಷ್ಟು ಕೊಳ್ಳುತ್ತಾನೆಂಬುದನ್ನು ಅವನ ಗಾಡಿಯ ಚಕ್ರ ಎಣಿಸಿ ನಿರ್ಧರಿಸುವ ಈ ಪದ್ಧತಿಗೆ ಮಹಾಶಯರಲ್ಲಿ ಉತ್ತರವಿಲ್ಲ, ಸಿಟ್ಟಿದೆ.

ಆ ಜನರೇಟರಿನ ಪಕ್ಕದಲ್ಲೇ ಮನೆಮನೆಗೆ ದಿನಸಿ ಮುಟ್ಟಿಸುವ ಹುಡುಗರೂ ನಿಂತಿರುತ್ತಾರೆ. ಕೆಲವರದು ಬಾಡಿಗೆಯ ಎಲೆಕ್ಟ್ರಿಕ್ ಸ್ಕೂಟರ್, ಕೆಲವರದು ಸೈಕಲ್. ಬಹುತೇಕ ಎಲ್ಲರ ಬೆನ್ನಿಗೂ ಒಂದು ಚೌಕಾಕಾರದ ದೊಡ್ಡ ಚೀಲ. ನೀರಿನ ಬಾಟಲಿ, ಆಲೂಗೆಡ್ಡೆ, ಹಿಟ್ಟು ಎಲ್ಲವೂ ಬೆನ್ನುಮೂಳೆಯ ಮೇಲೆ. ಹಾಲಿನವರ ಕ್ಯಾನನ್ನು ಹೊರುತ್ತಿದ್ದದ್ದು ಕ್ಯಾರಿಯರ್. ಇವರ ಚೀಲವನ್ನು ಹೊರುವುದು ಇಪ್ಪತ್ತರ ಹರೆಯದ ಹೆಗಲು. ನಿಮಿಷ ಎಣಿಸಿ ಸಾಮಾನು ತರಿಸಿಕೊಳ್ಳುವವರು ಆ ಭಾರವನ್ನು ಕ್ಯಾರಿಯರಿಗೆ ಇಳಿಸುವ ಒಂದು ಕೊಕ್ಕೆಯನ್ನೂ ಕೇಳಿ ಪಡೆಯಬಹುದಿತ್ತು. ಕ್ಯಾರಿಯರಿಗಾದರೂ ಗರಿಷ್ಠ ಇಷ್ಟು ಕೆಜಿ ಎಂದು ಅಚ್ಚು ಹಾಕಿರುತ್ತಾರೆ.

ಇಷ್ಟೆಲ್ಲ ಆದ ಮೇಲೆ ಮಹಾಶಯರ ತೀರ್ಪು ಹೀಗಿದೆ. ಮಳೆಗಾಲಕ್ಕೆ, ಕಾಗದಪತ್ರಕ್ಕೆ, ಇಸ್ತ್ರಿ ಬಟ್ಟೆಗೆ ಸುರುಳಿ ಬಾಯಿಯ ಟಾರ್ಪಾಲು ಚೀಲ ಒಂದು. ಮಾರುಕಟ್ಟೆಗೆ ಬಾಯಿ ತೆರೆದ, ಹೊಲಿದ ದಪ್ಪ ಬಟ್ಟೆಯದೊಂದು: ಅಂಗಡಿಯಲ್ಲಿ ನೆಲಕ್ಕಿಟ್ಟರೆ ತಾನೇ ನಿಲ್ಲಬೇಕು, ಕೈಯಲ್ಲಿ ಹಿಡಿದರೆ ಸಾಮಾನ್ಯ ಚೀಲವಾಗಬೇಕು. ಬೆನ್ನಿಗೆ ಗಟ್ಟಿ ಹಲಗೆ ಇಲ್ಲದಿದ್ದರೆ ತುಂಬಿದ ಚೀಲ ಒಳಕ್ಕೆ ಬಾಗಿ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ಮೇಲಿನ ಕೊಕ್ಕೆಗೆ ಲಾಕ್ ಇರಲಿ, ಕೆಳಗೂ ಒಂದು ಹಿಡಿತ ಇರಲಿ. ಇಲ್ಲವಾದರೆ ಹಂಪಿನಲ್ಲಿ ಎಗರಿ ಬೀಳುತ್ತದೆ. ಕೊಕ್ಕೆಯನ್ನು ಸ್ಕ್ರೂನಿಂದ ಕೂರಿಸಿದ್ದಾರೆಯೇ, ರಿವೆಟ್ ಹೊಡೆದಿದ್ದಾರೆಯೇ ಎಂದು ತಿರುಗಿಸಿ ನೋಡಿ. ಸ್ಕ್ರೂ ಆದರೆ ಮುರಿದದ್ದನ್ನು ಬದಲಾಯಿಸಬಹುದು. ಹೊಲಿಗೆ ಬಿಟ್ಟರೆ ಬೀದಿ ಬದಿಯ ಬ್ಯಾಗ್ ರಿಪೇರಿಯವರು ಕೂತಲ್ಲೇ ಹಾಕಿಕೊಡುತ್ತಾರೆ; ಬೆಸೆದ ಟಾರ್ಪಾಲಿಗೆ ಅವರು ಸೂಜಿ ಹಾಕಿದರೆ ಪ್ರತಿ ತೂತಿನಿಂದಲೂ ನೀರು.

ಡೆನಿಯರ್ ಆಮೇಲೆ ನೋಡಿಕೊಳ್ಳಿ. ಮೊದಲು ನಿಮ್ಮ ಕ್ಯಾರಿಯರಿನ ಕಡ್ಡಿಯ ದಪ್ಪ ಅಳೆದುಕೊಂಡು, ಆ ಅಳತೆ ಬರೆದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋಗಿ. ಎಷ್ಟೇ ದುಬಾರಿ ಚೀಲವಾದರೂ ಅದರ ಕೊಕ್ಕೆ ಆ ಕಡ್ಡಿಗೆ ಕೂರದಿದ್ದರೆ ಮನೆಯವರೆಗೆ ಕೈಯಲ್ಲೇ ಹೊತ್ತು ತರಬೇಕಾಗುತ್ತದೆ.