ಆಯ್ತು ಅಂದ್ರೆ ಆಯ್ತಾ?

ಖಾತ್ರಿಯಪ್ಪನವರ ನಿಜವಾದ ಹೆಸರು ಅದಲ್ಲ. ನಿಜವಾದ ಹೆಸರು ಯಾವುದು ಎಂಬುದೇ ಅವರ ಅರ್ಧ ತೊಂದರೆ. ಆಧಾರಿನಲ್ಲಿ ಇನಿಷಿಯಲ್ಲು ಹೆಸರಿನ ಹಿಂದಿದೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮುಂದಿದೆ. ಪ್ಯಾನಿನವರು ಇನಿಷಿಯಲ್ಲನ್ನು ಒಪ್ಪದ ಕಾರಣ ಅಲ್ಲಿ ತೀರಿಹೋದ ತಂದೆಯವರು ಪೂರ್ತಿ ಹೆಸರಿನೊಂದಿಗೆ ಬಂದು ಮಗನ ಪಕ್ಕ ನಿಂತಿದ್ದಾರೆ. ಖಾತ್ರಿಯಪ್ಪ ಎಂಬುದು ಸೈಬರ್ ಸೆಂಟರಿನ ಹುಡುಗರು ಬೆನ್ನ ಹಿಂದೆ ಇಟ್ಟದ್ದು. ಇಂಥವರೊಬ್ಬರು ಪ್ರತಿ ತಾಲ್ಲೂಕಿನಲ್ಲೂ ಇರುವುದರಿಂದ ನಿಮ್ಮೂರಿನವರನ್ನೇ ನೆನೆದುಕೊಂಡು ಓದಬಹುದು.

ಅವರದು ಬೈಪಾಸ್ ರಸ್ತೆಯ ಪಕ್ಕ ವೆಲ್ಡಿಂಗ್ ಶಾಪು. ಗ್ರಿಲ್ಲು, ಗೇಟು, ಬೀರು, ಬೆಂಚು. ಮನೆ ಕಟ್ಟುವವರ ಹತ್ತಿರ ದುಡ್ಡು ವಸೂಲಿ ಕಷ್ಟ, ಸರ್ಕಾರಕ್ಕೆ ಸಪ್ಲೈ ಮಾಡಿ ಎಂದು ಯಾರೋ ಹೇಳಿದರಂತೆ. ಸರ್ಕಾರಿ ಬಿಲ್ಲಿಗೆ ಕಾದ ಅನುಭವವಿದ್ದವರು ಹಾಗೆ ಹೇಳುವುದಿಲ್ಲ. ಇರಲಿ, ಖಾತ್ರಿಯಪ್ಪನವರು ಹೊರಟರು.

ಮೊದಲು ಉದ್ಯಮ್ ನೋಂದಣಿ. 2020ರ ಜುಲೈ 1ರಿಂದ ಬಂದ ಈ ವ್ಯವಸ್ಥೆಗೆ ಶುಲ್ಕವಿಲ್ಲ, ಕಾಗದಪತ್ರ ಲಗತ್ತಿಸುವ ಗೋಜಿಲ್ಲ. ಆಧಾರ್, ಪ್ಯಾನ್ ಸಂಖ್ಯೆ ಕೊಟ್ಟರೆ ಉಳಿದದ್ದನ್ನು ನಾವು ಹೇಳಿದಂತೆಯೇ ಬರೆದುಕೊಳ್ಳುತ್ತದೆ. ಅನುಮಾನ ಹುಟ್ಟಿದ್ದೇ ಅಲ್ಲಿ. ದುಡ್ಡು ಕೇಳಲಿಲ್ಲ, ನಾಳೆ ಬಾ ಅನ್ನಲಿಲ್ಲ, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅನ್ನಲಿಲ್ಲ. ಇದೆಂಥ ಸರ್ಕಾರ?

ಪ್ರಿಂಟು ಕೈಗೆ ಬಂತು. ಲಾಂಛನ, ಕ್ಯೂಆರ್ ಕೋಡು, ಕರ್ನಾಟಕದ್ದೆಂದು ತೋರಿಸುವ ಕೆಆರ್ ಇರುವ ಸಂಖ್ಯೆ, ಎಲ್ಲವೂ ಸರಿಯಿತ್ತು. ಅಡಿಯಲ್ಲಿ ಮಾತ್ರ ಒಂದು ಸಾಲು: ಇದು ಕಂಪ್ಯೂಟರಿನಿಂದ ತಯಾರಾದದ್ದು, ಸಹಿ ಅಗತ್ಯವಿಲ್ಲ. ಖಾತ್ರಿಯಪ್ಪನವರು ಆ ಸಾಲಿನ ಮೇಲೆ ಬೆರಳಿಟ್ಟರು.

“ಸಹಿ ಬೇಡ ಅಂತ ಹೇಳಿದೋರು ಯಾರು? ಅವರ ಸಹಿ ಎಲ್ಲಿ?”

“ಅಂಕಲ್, ಕ್ಯೂಆರ್ ಸ್ಕ್ಯಾನ್ ಮಾಡಿ, ಬರುತ್ತೆ,” ಎಂದ ಹುಡುಗ.

“ಬರೋದು ಅದೇ ಕಂಪ್ಯೂಟರಿಂದ ತಾನೇ? ಅದನ್ನೇ ಅದರ ಹತ್ರ ಕೇಳಿದ್ರೆ ಇಲ್ಲ ಅನ್ನುತ್ತಾ?”

ಮಾರನೆಯ ದಿನ ಅವರು ಪರಿಚಯದ ಪ್ರಾಂಶುಪಾಲರೊಬ್ಬರ ಬಳಿ ಅಟೆಸ್ಟೇಷನ್ನಿಗೆ ಹೋದರು. ಪ್ರಾಂಶುಪಾಲರು ಹಸಿರು ಇಂಕಿನ ಪೆನ್ನು ತೆಗೆದು, ಕನ್ನಡಕ ಏರಿಸಿ, “ಒರಿಜಿನಲ್ ಎಲ್ಲಿ?” ಎಂದರು. ಒರಿಜಿನಲ್ಲು ಎಂಬುದೇ ಇಲ್ಲದ ದಾಖಲೆ ಅದು. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತು ಕಾಫಿ ಕುಡಿದರು. ಕೊನೆಗೆ ಎದುರಿನ ಅಂಗಡಿಯಲ್ಲಿ ಇನ್ನೊಂದು ಪ್ರಿಂಟು ತೆಗೆಸಿ, ಎರಡರಲ್ಲಿ ಒಂದನ್ನು ಒರಿಜಿನಲ್ಲೆಂದು ಮಾತಾಡಿಕೊಂಡು, ಮತ್ತೊಂದಕ್ಕೆ ಸಹಿಯಾಯಿತು. ಸೀಲೂ ಬಿತ್ತು. ಆ ರಾತ್ರಿ ಖಾತ್ರಿಯಪ್ಪನವರು ಚೆನ್ನಾಗಿ ನಿದ್ದೆ ಮಾಡಿದರೆಂದು ಮನೆಯವರ ಹೇಳಿಕೆ.

ಆಮೇಲೆ ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿ. ಕ್ಲಾಸ್ 3ರದು, ಪೆನ್‌ಡ್ರೈವಿನಂಥ ಟೋಕನ್ನಿನಲ್ಲಿ ಕೊಡುತ್ತಾರೆ. ಅದಕ್ಕೆ ಮೊಬೈಲಿನ ಮುಂದೆ ಕೂತು, ಕಾರ್ಡು ತೋರಿಸಿ, ಹೆಸರು ಹೇಳಿ ವಿಡಿಯೋ ಕೊಡಬೇಕು. ತಮ್ಮನ ಮದುವೆಗೆ ಹೊಲಿಸಿದ್ದ ಸಫಾರಿ ಹಾಕಿಕೊಂಡು ಕೂತ ಖಾತ್ರಿಯಪ್ಪನವರು ರೆಕಾರ್ಡಿಂಗ್ ಶುರುವಾದ ಮೇಲೆ ಹುಡುಗನ ಕಡೆ ತಿರುಗಿ, “ಯಾವ ಹೆಸರು ಹೇಳ್ಲಪ್ಪ, ಆಧಾರಿಂದೋ ಪ್ಯಾನಿಂದೋ?” ಎಂದು ಕೇಳಿದ್ದು ಸ್ಪಷ್ಟವಾಗಿ ದಾಖಲಾಯಿತು. ಇನ್ನೊಮ್ಮೆ ತೆಗೆದರು. ಟೋಕನ್ನು ಈಗ ಬೀರುವಿನ ಲಾಕರಿನಲ್ಲಿ ಹೆಂಡತಿಯ ಅವಲಕ್ಕಿ ಸರದ ಜೊತೆಗಿದೆ.

“ನಮ್ ಮದ್ವೇನೇ ಇನ್ನೂ ರಿಜಿಸ್ಟರ್ ಆಗಿಲ್ಲ, ಅದನ್ನ ಒಂದಿನ ವಿಚಾರಿಸಿದ್ದಿಲ್ಲ,” ಎನ್ನುತ್ತಾರೆ ಆಕೆ.

ಕೇಂದ್ರದ ಖರೀದಿಗೆ ಜೆಮ್ ಪೋರ್ಟಲ್ಲು, ರಾಜ್ಯದ್ದಕ್ಕೆ ಕೆಪಿಪಿಪಿ. ಎರಡರಲ್ಲೂ ನೋಂದಣಿಯಾಯಿತು, ಓಟಿಪಿ ಬಂತು, ಪರದೆಯ ಮೇಲೆ ಹಸಿರು ಟಿಕ್ಕು ಬಿತ್ತು. ಬೇರೆಯವರಾದರೆ ಅಲ್ಲಿಗೆ ಸಿಹಿ ಹಂಚುತ್ತಿದ್ದರು. ಇವರು ಆ ಟಿಕ್ಕಿನ ಫೋಟೋ ತೆಗೆದು, ಜೆರಾಕ್ಸ್ ಮಾಡಿಸಿ, ಲ್ಯಾಮಿನೇಟ್ ಮಾಡಿಸಿ, ಕೈಚೀಲದಲ್ಲಿಟ್ಟುಕೊಂಡು ಕೇಳುವ ಕೆಲಸ ಶುರುಮಾಡಿದರು. ಆಡಿಟರನ್ನು ಕೇಳಿದರು, ಆಗಿದೆ ಎಂದರು. ಇಂಜಿನಿಯರ ಕಚೇರಿಯ ಕೇಸ್ ವರ್ಕರನ್ನು ಕೇಳಿದರು. ನಮಗೆ ಸಂಬಂಧವಿಲ್ಲ, ಆದರೂ ಆಗಿದೆ ಎಂದರು. ಸಂಬಂಧವಿಲ್ಲದವರು ಹೇಳಿದ್ದು ಖಾತ್ರಿಯಪ್ಪನವರಿಗೆ ಕೊಂಚ ಹೆಚ್ಚು ನಂಬಿಕೆ ತಂದಿತು.

ಸಹಾಯವಾಣಿಯ ಹೆಣ್ಣುಮಗಳೂ ಆಗಿದೆ ಎಂದಳು. “ಆಗಿದೆ ಅಂತ ನೀವು ಹೇಳಿದ್ದಕ್ಕೆ ಏನಾದ್ರೂ ನಂಬರ್ ಕೊಡಿ ತಾಯಿ,” ಎಂದು ಬೇಡಿ ಟಿಕೆಟ್ ಸಂಖ್ಯೆ ಪಡೆದರು. ಮೂರು ದಿನ ಬಿಟ್ಟು ಆ ಟಿಕೆಟ್ ಕ್ಲೋಸ್ ಆಗಿದೆಯೇ ಎಂದು ಕೇಳಿ ಮತ್ತೊಂದು ಟಿಕೆಟ್ ತೆಗೆಸಿದರು.

ಅವರ ಅನುಮಾನಕ್ಕೆ ಬುಡವಿಲ್ಲ ಅನ್ನಲಾಗದು. ಹಿಂದೆ ಅರ್ಜಿ ಕೊಟ್ಟರೆ ಟಪಾಲಿನಲ್ಲಿ ಇನ್‌ವರ್ಡ್ ನಂಬರು ಸಿಗುತ್ತಿತ್ತು, ಫೈಲಿಗೊಂದು ಕೆಂಪು ದಾರ ಇರುತ್ತಿತ್ತು, ಅದು ಯಾವ ಟೇಬಲಿನ ಮೇಲೆ ಮಲಗಿದೆ ಎಂಬುದು ಬಾಗಿಲಲ್ಲಿ ನಿಂತರೇ ಕಾಣುತ್ತಿತ್ತು. ಆಮೇಲೆ ಸರ್ಕಾರಿ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆ ಬಂತು. ಪಾರದರ್ಶಕವಾದ ಮೇಲೆ ಟೇಬಲೇ ಕಾಣದಾಯಿತು. ಇತಿಹಾಸವೂ ಅವರ ಪರವಾಗಿದೆ. ಕೇಂದ್ರ ಸರ್ಕಾರಕ್ಕೆ ಸಾಮಾನು ಕೊಳ್ಳುತ್ತಿದ್ದ ಡಿಜಿಎಸ್ ಅಂಡ್ ಡಿ ಎಂಬ ಹಳೆಯ ಸಂಸ್ಥೆ, 2016ರಲ್ಲಿ ಜೆಮ್ ಬಂದ ಮರುವರ್ಷವೇ ಅಕ್ಟೋಬರ್ 31ಕ್ಕೆ ಬಾಗಿಲು ಹಾಕಿತು. ಈ ಸಂಗತಿಯನ್ನು ಅವರು ಎಲ್ಲಿಂದಲೋ ಹೆಕ್ಕಿ ತಂದಿದ್ದಾರೆ. “ಅಂಥಾ ಇಲಾಖೇನೇ ಇಲ್ಲ ಅನ್ನಿಸಿಬಿಟ್ರು. ನನ್ನ ಟಿಕ್ಕು ಯಾವ ಲೆಕ್ಕ ಸಾರ್?”

ಈ ಸ್ವಭಾವ ಒಮ್ಮೆ ಅವರನ್ನು ಕಾಯಿತು ಕೂಡ. ಉದ್ಯಮ್ ನೋಂದಣಿ ಪೂರ್ತಿ ಉಚಿತವಾದರೂ, ಸರ್ಕಾರದ ವೇಷ ಹಾಕಿ ಶುಲ್ಕ ಕೀಳುವ ಖಾಸಗಿಯವರಿಗೆ ಬರವಿಲ್ಲ. ಅಂಥವನೊಬ್ಬ ಫೋನು ಮಾಡಿ, ನಿಮ್ಮ ರಿಜಿಸ್ಟ್ರೇಷನ್ ಅರ್ಧಕ್ಕೇ ನಿಂತಿದೆ, ಈಗಲೇ ದುಡ್ಡು ಕಟ್ಟದಿದ್ದರೆ ರದ್ದಾಗುತ್ತದೆ ಎಂದ. ಖಾತ್ರಿಯಪ್ಪನವರು ಹೆದರಲಿಲ್ಲ, ಅರಳಿದರು. ಕಡೆಗೂ ಒಬ್ಬ ಮನುಷ್ಯ! ಕುರ್ಚಿ ಎಳೆದುಕೊಂಡು ಕೂತು ಶುರುಮಾಡಿದರು. ತಮ್ಮ ಹುದ್ದೆ ಏನು? ಯಾವ ಸೆಕ್ಷನ್ನು, ಎಷ್ಟನೇ ಮಹಡಿ? ಅರ್ಧ ಅಂದರೆ ಯಾವ ಅರ್ಧ, ತಂದೆಯ ಹೆಸರಿನ ತನಕವೋ ಅದರ ಆಚೆಯೋ? ಪತ್ರ ಬರುತ್ತದೋ, ಬಂದರೆ ರಿಜಿಸ್ಟರ್ಡ್ ಪೋಸ್ಟೋ? ತಮ್ಮ ಮೇಲಿನ ಸಾಹೇಬರು ಯಾರು? ವಂಚಕ ಮೊದಮೊದಲು ಉತ್ತರ ಹೇಳಿದ, ಆಮೇಲೆ ಬೈದ, ಕೊನೆಗೆ ಫೋನಿಟ್ಟ. ಇವರೇ ತಿರುಗಿ ಕರೆ ಮಾಡಿದರೆ ನಂಬರು ಬ್ಲಾಕ್ ಆಗಿತ್ತು. “ದುಡ್ಡು ಕೊಡ್ತೀನಿ ಅಂದ್ರೂ ಸೀಲ್ ಹಾಕೋಕೆ ಆಗಲ್ಲ ಅಂತಾನೆ, ಅವನೆಂಥ ಆಫೀಸರ್ರು?” ಎಂದು ವಾರವೆಲ್ಲ ಬೇಸರ ಮಾಡಿಕೊಂಡರು.

ಟೆಂಡರು? ಅವರು ಹಾಕಲಿಲ್ಲ. ಅವರು ಆಡಿಟರ ಬಳಿ ಹೋಗಿದ್ದಾಗ ಡಿಗ್ರಿ ಓದುವ ಮಗಳು ಜೆಮ್‌ನಲ್ಲಿ ಬೀರುಗಳ ಫೋಟೋ, ಅಳತೆ, ದರ ಏರಿಸಿಬಿಟ್ಟಳು. ಕೇಂದ್ರ ಸರ್ಕಾರದ ಸಣ್ಣ ಕಚೇರಿಯೊಂದರಿಂದ ನಾಲ್ಕು ಬೀರುಗಳಿಗೆ ಆರ್ಡರು ಬಂದೇಬಿಟ್ಟಿತು. ಖಾತ್ರಿಯಪ್ಪನವರು ಅದನ್ನು ನಾಲ್ಕು ಸಲ ಓದಿ, ಸಫಾರಿ ಹಾಕಿ, ಬಸ್ಸು ಹತ್ತಿ ಆ ಕಚೇರಿಗೇ ಹೋದರು.

ಸೂಪರಿಂಟೆಂಡೆಂಟರು ನಿವೃತ್ತಿಯ ಅಂಚಿನಲ್ಲಿದ್ದ ಹಿರಿಯರು. ಇವರ ಹೆಸರು ಕೇಳಿದ್ದೇ ಎದ್ದು ನಿಂತರು.

“ಬನ್ನಿ ಬನ್ನಿ, ನಾನೇ ಫೋನ್ ಮಾಡೋಣ ಅಂತಿದ್ದೆ. ಆರ್ಡರು ನಿಮಗೆ ಮುಟ್ತಾ? ಇಲ್ಲಿ ಸಕ್ಸಸ್‌ಫುಲ್ ಅಂತ ತೋರಿಸ್ತು. ಆದ್ರೂ ಒಂದ್ಸಲ ಕೇಳಿಬಿಡೋಣ ಅಂತ.”

“ನಾನೂ ಅದಕ್ಕೇ ಬಂದೆ ಸಾರ್. ನೀವು ಕಳಿಸಿದ್ದು ನಿಜಾನಾ ಅಂತ.”

ಹಿರಿಯರು ಒಂದು ಬಿಳಿ ಹಾಳೆ ತರಿಸಿದರು. ಕಳಿಸಿದ್ದೇನೆಂದು ಅವರು ಬರೆದರು, ತಲುಪಿದೆಯೆಂದು ಇವರು ಬರೆದರು. ಎರಡಕ್ಕೂ ಸೀಲು ಬಿತ್ತು. ಟಪಾಲಿನ ಹುಡುಗನನ್ನು ಕರೆದು ಇನ್‌ವರ್ಡ್ ಮಾಡಿಸಿದರು.