ಜಿಎಸ್‌ಟಿ ಪ್ರತ್ಯೇಕ, ನಗು ಉಚಿತ

ನ್ಯೂಜಿಲೆಂಡಿನಲ್ಲಿ ಸಂಸತ್ ಚುನಾವಣೆ ಮೂರು ವರ್ಷಕ್ಕೊಮ್ಮೆ. ಆಕ್ಲೆಂಡಿನ ಹಿಲ್ಸ್‌ಬರೋದಲ್ಲಿ ರಿಯಲ್ ಎಸ್ಟೇಟ್ ಏಜೆಂಟರ ಪ್ರಚಾರ ವರ್ಷಪೂರ್ತಿ. ಬೇಲಿಗೊಂದು ಫಲಕ, ಫಲಕಕ್ಕೊಂದು ಮುಖ, ಮುಖದ ತುಂಬ ಹಲ್ಲು. ಬೆಂಗಳೂರಿನಿಂದ ಹೊಸದಾಗಿ ಬಂದವರು ಇವರೆಲ್ಲ ಯಾವುದೋ ಪಕ್ಷದ ಅಭ್ಯರ್ಥಿಗಳಿರಬೇಕು ಅಂದುಕೊಳ್ಳುತ್ತಾರೆ. ದೊಡ್ಡ ತಪ್ಪೇನಲ್ಲ. ಗೆದ್ದ ಅಭ್ಯರ್ಥಿ ಮಾಯವಾಗುತ್ತಾನೆ; ಗೆದ್ದ ಏಜೆಂಟ ‘ಸೋಲ್ಡ್’ ಎಂಬ ಪಟ್ಟಿ ಅಂಟಿಸಿಕೊಂಡು ಇನ್ನೂ ಕೆಲವು ವಾರ ನಿಮ್ಮ ಅಂಗಳದಲ್ಲೇ ನಿಂತಿರುತ್ತಾನೆ. ವ್ಯತ್ಯಾಸ ಅಷ್ಟೇ.

ಮನೆ ಹುಡುಕುವ ಕನ್ನಡಿಗ ದಂಪತಿಗೆ ಶನಿವಾರ, ಭಾನುವಾರ ಎರಡೂ ದಿನ ತೀರ್ಥಯಾತ್ರೆ. ಒಂದೊಂದು ‘ಓಪನ್ ಹೋಮ್’ಗೆ ಅರ್ಧ ಗಂಟೆ. ಬಾಗಿಲಲ್ಲೇ ಹೆಸರು, ಫೋನ್ ನಂಬರು ಬರೆಸಿಕೊಂಡ ಏಜೆಂಟ, ಮಗುವಿನ ಹೆಸರು ಕೇಳುತ್ತಾನೆ, ‘ನಮಸ್ತೆ’ ಅನ್ನುತ್ತಾನೆ, ಮಸಾಲೆದೋಸೆ ತನಗೆ ಪ್ರಾಣ ಅನ್ನುತ್ತಾನೆ. ಕಾರು ಹತ್ತುವಷ್ಟರಲ್ಲಿ ಹೆಂಡತಿಯ ತೀರ್ಪು ಸಿದ್ಧ: “ಎಷ್ಟು ಒಳ್ಳೆ ಮನುಷ್ಯ ಅಲ್ವಾ ರೀ?” ಈ ಒಳ್ಳೆಯ ಮನುಷ್ಯ ಮಾತಿನ ಮಧ್ಯೆ ಇನ್ನೂ ಮೂರು ಪ್ರಶ್ನೆ ಕೇಳಿರುತ್ತಾನೆ. ಬ್ಯಾಂಕು ಎಷ್ಟರ ತನಕ ಸಾಲ ಕೊಡುತ್ತದೆ? ಬಾಡಿಗೆ ಮನೆ ಯಾವಾಗ ಬಿಡಬೇಕು? ಈ ಮನೆ ಮನಸ್ಸಿಗೆ ಬಂತಾ? ಸಂಬಳ ಎಷ್ಟು ಅಂತ ಸ್ವಂತ ಸೋದರಮಾವ ಕೇಳಿದರೂ ಮಾತು ತೇಲಿಸುವ ಮನುಷ್ಯ, ಹತ್ತು ನಿಮಿಷದ ಪರಿಚಯದವನಿಗೆ ಮೂರಕ್ಕೂ ಡಾಲರು, ತಾರೀಕು ಸಮೇತ ಉತ್ತರ ಒಪ್ಪಿಸಿರುತ್ತಾನೆ.

ಇದರಲ್ಲಿ ಮೋಸ ಇಲ್ಲ. ರಿಯಲ್ ಎಸ್ಟೇಟ್ ಏಜೆಂಟ್ಸ್ ಆಕ್ಟ್ 2008 ಅಂತ ಒಂದು ಕಾಯಿದೆ ಇದೆ; 2009ರ ನವೆಂಬರಿನಿಂದ ಜಾರಿಯಲ್ಲಿದೆ. ಲೈಸೆನ್ಸ್ ಇದೆ, ಪ್ರಾಧಿಕಾರ ಇದೆ, ದೂರು ಕೇಳುವ ಸಮಿತಿ ಇದೆ. ಆ ಕಾಯಿದೆಯ ಕಣ್ಣಿನಲ್ಲಿ ಏಜೆಂಟನ ಕಕ್ಷಿದಾರ ಮನೆ ಮಾರುವವನು. ಕೊಳ್ಳುವವನಿಗೆ ಸುಳ್ಳು ಹೇಳುವಂತಿಲ್ಲ, ದಾರಿ ತಪ್ಪಿಸುವಂತಿಲ್ಲ, ನಿಜ. ಆದರೆ ನಿಷ್ಠೆ ಮಾರುವವನಿಗೆ. ನೀವು ಬೆಳಿಗ್ಗೆ ನಂಬಿಕೆಯಿಂದ ಹೇಳಿದ ಅಂಕಿ ಸಂಜೆಯೊಳಗೆ ಮಾರುವವನ ಕಿವಿ ತಲುಪಿದರೆ ಅದು ಚಾಡಿಯಲ್ಲ, ಕರ್ತವ್ಯಪಾಲನೆ.

ನೀವು ಎಲ್ಲವನ್ನೂ ಹೇಳಿದ್ದೀರಿ. ಈಗ ನಿಮ್ಮದೊಂದು ಪ್ರಶ್ನೆ ಕೇಳಿ ನೋಡಿ.

“ರೇಟು ಎಷ್ಟು ಸಾರ್?”

“ಅದನ್ನು ಮಾರ್ಕೆಟ್ಟೇ ಹೇಳುತ್ತೆ, ಮೇಟ್.”

“ಒಂದು ಅಂದಾಜು?”

“ತುಂಬ ಜನರಿಗೆ ಆಸಕ್ತಿ ಇದೆ.”

“ಕೌನ್ಸಿಲ್ ಕಟ್ಟಿದ ಬೆಲೆ, ಸಿವಿ, ಹನ್ನೊಂದು ಲಕ್ಷ ಇದೆಯಲ್ಲ?”

“ಅದು ತೆರಿಗೆಗೆ ಹಾಕಿದ ಲೆಕ್ಕ. ಅದನ್ನೆಲ್ಲ ನಂಬಬೇಡಿ.”

ಇದೇ ಸಿವಿ ಹದಿನಾಲ್ಕು ಲಕ್ಷ ಇದ್ದಿದ್ದರೆ ಬ್ರೋಷರಿನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಇರುತ್ತಿತ್ತು.

ಹಿಲ್ಸ್‌ಬರೋದ ಭೂಗೋಳವೇ ಏಜೆಂಟರಿಗೆ ದೇವರು ಕೊಟ್ಟ ಪರೀಕ್ಷೆ. ಊರು ಮನುಕಾವ್ ಹಾರ್ಬರಿನ ಉತ್ತರ ದಂಡೆಯ ಇಳಿಜಾರಿನಲ್ಲಿದೆ. ನೀರಿನ ನೋಟ ದಕ್ಷಿಣಕ್ಕೆ. ದಕ್ಷಿಣ ಗೋಳಾರ್ಧದಲ್ಲಿ ಬಿಸಿಲು ಬೀಳುವುದು ಉತ್ತರದಿಂದ. ಹಾಗಾಗಿ ನೋಟ ಇರುವ ಕಿಟಕಿಗೆ ಬಿಸಿಲಿಲ್ಲ, ಬಿಸಿಲು ಬರುವ ಕಿಟಕಿಗೆ ಪಕ್ಕದ ಮನೆಯ ಗ್ಯಾರೇಜು. ಬ್ರೋಷರಿನಲ್ಲಿ ಮಾತ್ರ ಎರಡೂ ಇವೆ. ಸ್ಮಶಾನ ಕಾಣುವ ಮನೆಯಾದರೆ ‘ಎದುರಿಗೆ ಎಂದೆಂದೂ ಕಟ್ಟಡ ಏಳದ ಹಸಿರು’. ನಮ್ಮವರು ಇಷ್ಟಕ್ಕೆಲ್ಲ ಬೀಳುವುದಿಲ್ಲ. ಜೇಬಿನಿಂದ ದಿಕ್ಸೂಚಿ ತೆಗೆಯುತ್ತಾರೆ. ಇದಕ್ಕೂ ಏಜೆಂಟ ತಯಾರಾಗಿದ್ದಾನೆ. ಬಾಗಿಲು ಉತ್ತರಕ್ಕಿದ್ದರೆ “ವಾಸ್ತು ಎಲ್ಲ ಕಡೆಗೂ ಒಂದೇ, ಕುಬೇರನ ದಿಕ್ಕು.” ದಕ್ಷಿಣಕ್ಕಿದ್ದರೆ “ಇದು ಭೂಮಿಯ ಕೆಳಭಾಗ ನೋಡಿ, ಇಲ್ಲಿ ಎಲ್ಲ ಉಲ್ಟಾ.” ಸಾವಿರಾರು ವರ್ಷಗಳ ಶಾಸ್ತ್ರಕ್ಕೆ ಇಷ್ಟು ವೇಗವಾಗಿ ತಿದ್ದುಪಡಿ ತಂದವರು ಚರಿತ್ರೆಯಲ್ಲಿ ಇನ್ನೊಬ್ಬರಿಲ್ಲ.

ಮನೆ 1990ರ ದಶಕದ ಪ್ಲಾಸ್ಟರ್ ಗೋಡೆಯದ್ದಾದರೆ ಮಾತಿನ ಧಾಟಿ ಇನ್ನೂ ಸೊಗಸು. ಆ ಕಾಲದಲ್ಲಿ ಸಂಸ್ಕರಿಸದ ಮರದ ಚೌಕಟ್ಟಿಗೆ ಪ್ಲಾಸ್ಟರ್ ಹೊದಿಕೆ ಬಳಿದು, ಚಾವಣಿಯ ಅಂಚು ಹೊರಚಾಚದಂತೆ ಕಟ್ಟಿದ ಸಾವಿರಾರು ಮನೆಗಳಲ್ಲಿ ಮಳೆನೀರು ಒಳಗಿಳಿದು ಮರ ಕೊಳೆಯಿತು. ‘ಲೀಕಿ ಹೋಮ್’ ಎಂಬ ರಾಷ್ಟ್ರೀಯ ದುರಂತಕ್ಕೆ 2002ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ಮಾಡಬೇಕಾಯಿತು. ಬ್ರೋಷರಿನಲ್ಲಿ ಇದರ ಹೆಸರು ‘ಮೆಡಿಟರೇನಿಯನ್ ಶೈಲಿ’. ಗೊತ್ತಿರುವ ದೋಷವನ್ನು ಏಜೆಂಟ ಮುಚ್ಚಿಡುವಂತಿಲ್ಲ, ಅನುಮಾನಕ್ಕೆ ಕಾರಣವಿದ್ದರೆ ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು, ಇಲ್ಲವೇ ಕೊಳ್ಳುವವನನ್ನು ಎಚ್ಚರಿಸಬೇಕು ಎನ್ನುತ್ತವೆ 2012ರ ನಡತೆ ನಿಯಮಗಳು. ಆದ್ದರಿಂದ ಯಾವ ಅನುಮಾನವೂ ಹತ್ತಿರ ಸುಳಿಯದಂತೆ ಮನಸ್ಸನ್ನು ನಿರ್ಮಲವಾಗಿ ಇಟ್ಟುಕೊಳ್ಳುವುದು ಈ ವೃತ್ತಿಯ ಯೋಗಸಾಧನೆ.

ಕೊನೆಗೆ ಹರಾಜು. ಮೀಸಲು ಬೆಲೆ ಮುಟ್ಟುವ ತನಕ ಮಾರುವವನ ಪರವಾಗಿ ಹರಾಜುಗಾರನೇ ಕೂಗಬಹುದು. ‘ಇದು ವೆಂಡರ್ ಬಿಡ್’ ಎಂದು ಬಾಯಿಬಿಟ್ಟು ಹೇಳಿದರೆ ಸಾಕು, ಕಾನೂನಿಗೆ ಸಮಾಧಾನ. ಹೀಗಾಗಿ ಸಭೆಯಲ್ಲಿ ಒಬ್ಬನೇ ಗಿರಾಕಿ ಇದ್ದರೂ ಪೈಪೋಟಿ ನಡೆಯುತ್ತದೆ. ಸುತ್ತಿಗೆ ಬಿತ್ತೋ, ಸಾಮಾನ್ಯವಾಗಿ ನೂರಕ್ಕೆ ಹತ್ತರಷ್ಟು ಮುಂಗಡ ಅಲ್ಲೇ, ಷರತ್ತು ಇಲ್ಲ, ಹಿಂದೆ ಸರಿಯುವಂತಿಲ್ಲ. ಒಬ್ಬನೇ ಏಜೆಂಟನ ಜೊತೆ ‘ಸೋಲ್ ಏಜೆನ್ಸಿ’ ಕರಾರು ಮಾಡಿಕೊಂಡ ಮಾರುವವನಿಗೆ ಮನಸ್ಸು ಬದಲಾದರೆ ಮುಂದಿನ ಕೆಲಸದ ದಿನ, ಸಂಜೆ ಐದರ ತನಕ, ರದ್ದುಮಾಡುವ ಅವಕಾಶ ಉಂಟು. ಜೀವಮಾನದ ಸಾಲ ತಲೆಗೆ ಕಟ್ಟಿಕೊಂಡವನಿಗೆ ಐದು ನಿಮಿಷವೂ ಇಲ್ಲ.

ಕೆಲವು ವರ್ಷ ಕಳೆಯಲಿ. ಅದೇ ದಂಪತಿ ಈಗ ಮನೆ ಮಾರಲು ಹೊರಟಿದ್ದಾರೆ. ಈಗ ಏಜೆಂಟ ನಮ್ಮ ಮನುಷ್ಯ! ಕೊಳ್ಳುವವರ ಹೊಟ್ಟೆಯೊಳಗಿನ ಗುಟ್ಟು ಕಕ್ಕಿಸಬಲ್ಲ ನಿಪುಣ! ಅವನ ಮೊದಲ ಸಲಹೆ: ಈ ಮನೆಯಲ್ಲಿ ಯಾರೂ ಬಾಳಿದ ಕುರುಹು ಇರಬಾರದು. ಮದುವೆಯ ಫೋಟೊ ಕೆಳಗೆ. ರಾಘವೇಂದ್ರಸ್ವಾಮಿಗಳು ಅಟ್ಟಕ್ಕೆ. ತಿಂಗಳೊಪ್ಪತ್ತು ಇಂಗಿನ ಒಗ್ಗರಣೆ ನಿಷಿದ್ಧ, ಹುರಿದ ಮೆಣಸಿನಕಾಯಿ ಅಂತೂ ಅಪರಾಧ. ದಿನಬಳಕೆಯ ಸೋಫಾ ಗ್ಯಾರೇಜಿಗೆ ಹೋಗಿ ಬಾಡಿಗೆ ಸೋಫಾ ಬರುತ್ತದೆ, ಅದರ ಮೇಲೆ ಕೂರುವಂತಿಲ್ಲ. ಒಂದು ಬಟ್ಟಲು ನಿಂಬೆಹಣ್ಣು, ಅದನ್ನು ಹಿಂಡುವಂತಿಲ್ಲ. ಹಾಗೆ ಸ್ವಂತ ಮನೆಯಲ್ಲಿ ಅತಿಥಿಗಳಂತೆ ಬ್ರೆಡ್ಡು ತಿಂದುಕೊಂಡು ಬದುಕಿ, ಜಾಹೀರಾತಿನ ಖರ್ಚಿಗೆ ಬೇರೆ ಸಾವಿರಾರು ಡಾಲರು ಎಣಿಸುತ್ತಾರೆ.

ಈಗ ಕಮಿಷನ್ನಿನ ಲೆಕ್ಕ. ದರ ಕಂಪನಿಯಿಂದ ಕಂಪನಿಗೆ ಬೇರೆ. ಸುಲಭಕ್ಕೆ ಮೊದಲ ನಾಲ್ಕು ಲಕ್ಷಕ್ಕೆ ಶೇ. 4, ಉಳಿದದ್ದಕ್ಕೆ ಶೇ. 2 ಅಂತ ಇಟ್ಟುಕೊಳ್ಳಿ. ಹನ್ನೆರಡು ಲಕ್ಷ ಡಾಲರಿನ ಮನೆಗೆ 32,000. ಮೇಲೆ ಶೇ. 15 ಜಿಎಸ್‌ಟಿ ಸೇರಿ 36,800. ಇನ್ನೊಂದು ತಿಂಗಳು ಕಾದರೆ 50,000 ಹೆಚ್ಚು ಬರಬಹುದು ಅನ್ನಿ. ಅದರಲ್ಲಿ ನಿಮ್ಮ ಪಾಲು 48,850. ಕಮಿಷನ್ ಒಂದು ಸಾವಿರ. ಅದನ್ನೂ ಕಂಪನಿಯ ಜೊತೆ ಹಂಚಿಕೊಂಡರೆ ಏಜೆಂಟನ ಕೈಗೆ ಬರುವುದು ಐನೂರರ ಆಸುಪಾಸು. ಐನೂರಕ್ಕಾಗಿ ಯಾರು ತಾನೇ ಇನ್ನೂ ನಾಲ್ಕು ವಾರಾಂತ್ಯ ನಿಮ್ಮ ಬಾಗಿಲಲ್ಲಿ ಬಾವುಟ ನೆಡುತ್ತಾರೆ? ಮೊದಲ ದಿನ “ಹದಿಮೂರೂವರೆ ಖಂಡಿತ” ಅಂದವನು ಮೂರನೇ ವಾರಕ್ಕೆ ದನಿ ತಗ್ಗಿಸಿ “ಮಾರ್ಕೆಟ್ ಸ್ವಲ್ಪ ಸಾಫ್ಟ್” ಅನ್ನತೊಡಗುವುದು ಈ ಗಣಿತದಿಂದ. ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಏಜೆಂಟರು ತಮ್ಮದೇ ಮನೆಗಳನ್ನು ಹೇಗೆ ಮಾರುತ್ತಾರೆಂದು ನೋಡಿದರು. ಗಿರಾಕಿಯ ಮನೆಗಿಂತ ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾಯುತ್ತಾರಂತೆ, ಶೇ. 3.7ರಷ್ಟು ಹೆಚ್ಚು ಬೆಲೆ ಪಡೆಯುತ್ತಾರಂತೆ. ತಾಳ್ಮೆ ಅವರಲ್ಲೂ ಇದೆ. ಬಾಡಿಗೆಗೆ ಸಿಗುವುದಿಲ್ಲ.

ಹಾಗೆ ನೋಡಿದರೆ ನಮ್ಮ ಜಯನಗರದ ದಲ್ಲಾಳಿಯೇ ಸಾತ್ವಿಕ. ಅವನು ಎರಡೂ ಕಡೆಯಿಂದ ಕಮಿಷನ್ ಎತ್ತುತ್ತಾನೆ. 2016ರ ರೇರಾ ಕಾಯಿದೆ ಏಜೆಂಟರೂ ನೋಂದಾಯಿಸಿಕೊಳ್ಳಬೇಕು ಅಂದಿದೆ. ಟೀ ಅಂಗಡಿ ಮುಂದೆ ಸ್ಕೂಟರ್ ನಿಲ್ಲಿಸಿದವನನ್ನು ಅದರ ಬಗ್ಗೆ ಕೇಳಿದರೆ “ಅದೆಲ್ಲ ಬಿಡಿ ಸಾರ್” ಅನ್ನುತ್ತಾನೆ. ಆದರೆ ಇಬ್ಬರ ಮುಂದೆಯೂ ಕೈಚಾಚುವವನನ್ನು ಪಕ್ಷಪಾತಿ ಅನ್ನಲಾಗದು. ಅವನನ್ನು ನಂಬಬಾರದು ಎಂಬ ಅರಿವು ನಮಗೆ ಹುಟ್ಟಿನಿಂದಲೇ ಬಂದಿದೆ. ವಿಮಾನ ಹತ್ತುವಾಗ ಅದನ್ನು ಯಾಕೋ ಲಗೇಜಿನಲ್ಲಿ ಹಾಕಿಕೊಳ್ಳಲು ಮರೆಯುತ್ತೇವೆ.

ಮನೆ ಎಂದರೆ ಏರುತ್ತಲೇ ಇರುವ ಬೆಲೆ ಎಂದು ಪ್ರವಚನ ಮಾಡುವವರು ಗಿರಾಕಿಗಳನ್ನು ಹಿಲ್ಸ್‌ಬರೋದ ಮಾಂಟೆ ಸಿಸಿಲಿಯಾ ಪಾರ್ಕಿಗೂ ಒಮ್ಮೆ ಕರೆದೊಯ್ಯಲಿ. ಅಲ್ಲಿನ ಪಾಹ್ ಹೋಮ್‌ಸ್ಟೆಡ್ ಎಂಬ ಬಂಗಲೆಯನ್ನು 1870ರ ದಶಕದ ಕೊನೆಯಲ್ಲಿ ಕಟ್ಟಿಸಿದವನು ಜೇಮ್ಸ್ ವಿಲಿಯಮ್ಸನ್, ಲೇವಾದೇವಿ ಮತ್ತು ಜಮೀನಿನ ಸಟ್ಟಾದಲ್ಲಿ ಬೆಳೆದ ಕುಳ. 1880ರ ದಶಕದ ಕುಸಿತದಲ್ಲಿ ಅವನ ಸಂಪತ್ತು ಕರಗಿತು, 1888ರಲ್ಲಿ ತೀರಿಕೊಂಡ. ಬಂಗಲೆ ಮುಂದೆ ಅನಾಥಾಶ್ರಮವಾಯಿತು, ಸೂರಿಲ್ಲದವರ ತುರ್ತು ವಸತಿಯಾಯಿತು, 2010ರಿಂದ ಕಲಾ ಗ್ಯಾಲರಿ. ಪ್ರವೇಶ ಉಚಿತ. ಯಾವ ಓಪನ್ ಹೋಮಿನಲ್ಲೂ ಇಷ್ಟು ಪ್ರಾಮಾಣಿಕ ಮಾಹಿತಿ ಸಿಗುವುದಿಲ್ಲ.

ಏಜೆಂಟರನ್ನು ಬೈದು ಫಲವಿಲ್ಲ. ಕಾಯಿದೆ ಅವರನ್ನು ಮಾರುವವರ ಕಡೆ ನಿಲ್ಲಿಸಿದೆ, ಕಮಿಷನ್ ಅವರನ್ನು ಮಾರಾಟದ ಕಡೆ ನಿಲ್ಲಿಸಿದೆ. ಕೊಳ್ಳುವವನ ಕಡೆ ಉಳಿದವರು ಇಬ್ಬರೇ: ಅವನ ವಕೀಲ ಮತ್ತು ಮನೆ ತಪಾಸಣೆಯವನು. 2023ರ ಜನವರಿ 27ರ ಮಳೆಗೆ ಆಕ್ಲೆಂಡ್ ಮುಳುಗಿ, ಗುಡ್ಡ ಜರಿದು, ಸಾವುಗಳಾದ ಮೇಲಾದರೂ ಆ ಜಾಗದ ಅಪಾಯಗಳನ್ನು ದಾಖಲಿಸಿರುವ ಕೌನ್ಸಿಲ್ಲಿನ ಲಿಮ್ ರಿಪೋರ್ಟನ್ನು ಸಹಿ ಹಾಕುವ ಮೊದಲು ಓದಬೇಕು ಎಂಬುದು ಎಲ್ಲರಿಗೂ ಗೊತ್ತು. ನಮ್ಮ ದಂಪತಿಗೂ ಗೊತ್ತು. ಬಾಡಿಗೆ ಸೋಫಾ ಕಂಡು ಮರುಳಾಗಿ ಹರಾಜಿನಲ್ಲಿ ಒಂದೇ ಉಸಿರಿಗೆ ನಲವತ್ತು ಸಾವಿರ ಏರಿಸಿದವರು, ತಪಾಸಣೆಯವನ ಕೆಲವು ನೂರು ಡಾಲರಿನ ಬಿಲ್ಲು ನೋಡಿ ಮಾತ್ರ ಕೇಳುತ್ತಾರೆ: “ಸ್ವಲ್ಪ ಕಮ್ಮಿ ಮಾಡ್ಕೊಳ್ಳೋಕೆ ಆಗಲ್ವಾ ಸಾರ್?”